ವೈದ್ಯಶೋಧನೆಯಲ್ಲಿ ಸಂಖ್ಯೆಯ ಪ್ರಾಮಾಣ್ಯ

ಒಂದು ಪಾಠವು ಹತ್ತು ಓಲೆಯ ಪ್ರತಿಗಳಲ್ಲಿ ದೊರೆತ ಮಾತ್ರಕ್ಕೆ ಶುದ್ಧವೆನಿಸದು. ಆ ಹತ್ತೂ ಒಂದೇ ಮಾತೃಕೆಯಿಂದ ಇಳಿದುಬಂದಿದ್ದರೆ ಅವುಗಳ ಸಾಕ್ಷ್ಯವು ಒಂದೇ ಪ್ರತಿಯ ಸಾಕ್ಷ್ಯವೆಂಬುದನ್ನು ಗ್ರಂಥಸಂಪಾದಕರು ಬಲ್ಲರು. ವೈದ್ಯಶೋಧನೆಗೆ ನೆರವಾಗುವ ಸಂಖ್ಯಾಶಾಸ್ತ್ರಕ್ಕೂ ಇದೇ ನ್ಯಾಯವು ಸಲ್ಲುತ್ತದೆ: ಎಣಿಕೆಯ ಫಲವನ್ನು ನಂಬುವ ಮುನ್ನ, ಎಣಿಸಿದವು ಹೇಗೆ ಒದಗಿದುವೆಂಬುದನ್ನು ವಿಚಾರಿಸಬೇಕು.

1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯು ಇದಕ್ಕೆ ಪ್ರಸಿದ್ಧ ನಿದರ್ಶನ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಶ್ವಾಸಕೋಶದ ಕ್ಷಯದಿಂದ ನರಳುತ್ತಿದ್ದ 107 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿತು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡಲಿಲ್ಲ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ಲರು ಯಾದೃಚ್ಛಿಕ ಸಂಖ್ಯೆಗಳಿಂದ ಅದನ್ನು ಮೊದಲೇ ಗೊತ್ತುಮಾಡಿ ಮುಚ್ಚಿದ ಲಕೋಟೆಗಳಲ್ಲಿರಿಸಿದ್ದರು. ಆರು ತಿಂಗಳೊಳಗೆ, ಔಷಧ ಪಡೆದ 55 ಮಂದಿಯಲ್ಲಿ 4 ಮಂದಿಯೂ, ಕೇವಲ ಹಾಸಿಗೆಯ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಮಂದಿಯೂ ಮೃತರಾದರು. ಗುಂಪುಗಳನ್ನು ಕಟ್ಟಿದ ಕ್ರಮವು ನಿಷ್ಪಕ್ಷಪಾತವಾಗಿದ್ದುದರಿಂದಲೇ ಈ ಅಂತರವನ್ನು ಔಷಧದ ಗುಣವೆನ್ನಲು ಸಾಧ್ಯವಾಯಿತು.

ಯಂತ್ರಕಲಿಕೆಯಲ್ಲಿ ಇಂತಹ ವಿಂಗಡಣೆಯಿರುವುದು ವಿರಳ. ಹಿಂದಿನ ರೋಗಿಗಳ ದಾಖಲೆಗಳು ಇದ್ದಂತೆಯೇ ಗಣಕಯಂತ್ರಕ್ಕೆ ಒದಗುತ್ತವೆ. ನಿಯಮಗಳನ್ನು ಅದೇ ಹೆಕ್ಕಿಕೊಳ್ಳುತ್ತದೆ. ನ್ಯುಮೋನಿಯ ತಗುಲಿದವರಲ್ಲಿ ಯಾರಿಗೆ ಮರಣಭಯ ಹೆಚ್ಚೆಂಬುದನ್ನು ಹೀಗೆ ಕಂಡುಹಿಡಿಯಲು 1990ರ ದಶಕದಲ್ಲಿ ಅಮೆರಿಕದಲ್ಲಿ ಪ್ರಯತ್ನ ನಡೆಯಿತು. ಭಯ ಕಡಿಮೆಯಿದ್ದವರಿಗೆ ಮನೆಯಲ್ಲಿಯೇ ಚಿಕಿತ್ಸೆ ಸಾಕೆಂಬುದು ಉದ್ದೇಶ. ಆದರೆ ಉಬ್ಬಸವುಳ್ಳವರಿಗೆ ಅಪಾಯವು ಕಡಿಮೆಯೆಂಬ ವಿಚಿತ್ರ ನಿಯಮವನ್ನು ಒಂದು ಕ್ರಮವು ಕಲಿತಿತು. ದಾಖಲೆ ಸುಳ್ಳಲ್ಲ, ಎಣಿಕೆ ತಪ್ಪಲ್ಲ. ಉಬ್ಬಸದವರನ್ನು ವೈದ್ಯರು ಕೂಡಲೆ ತೀವ್ರನಿಗಾ ಘಟಕಕ್ಕೆ ಸೇರಿಸುತ್ತಿದ್ದುದರಿಂದ ಅವರಲ್ಲಿ ಹೆಚ್ಚು ಮಂದಿ ಬದುಕುತ್ತಿದ್ದರು. ಯಂತ್ರದ ಮಾತನ್ನು ನಂಬಿ ಅವರನ್ನು ಮನೆಗೆ ಕಳುಹಿಸಿದ್ದರೆ, ಅವರನ್ನು ಉಳಿಸುತ್ತಿದ್ದ ಶುಶ್ರೂಷೆಯೇ ತಪ್ಪಿಹೋಗುತ್ತಿತ್ತು.

ಈ ದೋಷವು ಕಣ್ಣಿಗೆ ಬಿದ್ದುದು, ನಿಯಮಗಳನ್ನು ಮನುಷ್ಯರು ಓದಬಲ್ಲಂತೆ ಬರೆದಿಡುವ ಕ್ರಮದಲ್ಲಿ. ಅದಕ್ಕಿಂತ ನಿಖರವಾಗಿದ್ದ ನರಜಾಲಕ್ರಮದ ಅಂತರಂಗವು ಓದಿಗೆ ನಿಲುಕುತ್ತಿರಲಿಲ್ಲ; ಅದರಲ್ಲಿ ಮತ್ತಾವ ದೋಷ ಅಡಗಿದೆಯೋ ಎಂಬ ಶಂಕೆಯಿಂದ ಸಂಶೋಧಕರು ಅದನ್ನು ರೋಗಿಗಳ ವಿಷಯದಲ್ಲಿ ಬಳಸದೆ ಬಿಟ್ಟರು. 2015ರಲ್ಲಿ ರಿಚ್ ಕರುವಾನಾ ಮತ್ತು ಸಂಗಡಿಗರು 14,199 ರೋಗಿಗಳ ಆ ದಾಖಲೆಗಳನ್ನು ಮರಳಿ ಪರಿಶೀಲಿಸಿ, ನಿಖರತೆಯನ್ನು ಬಿಟ್ಟುಕೊಡದೆಯೇ ಓದಬಲ್ಲ ಮತ್ತು ತಿದ್ದಬಲ್ಲ ಕ್ರಮವನ್ನು ರಚಿಸಬಹುದೆಂದು ತೋರಿಸಿದರು.

ಮುಂದಾಗುವುದನ್ನು ಸರಿಯಾಗಿ ನುಡಿಯುವುದು ಬೇರೆ, ಅದರ ಕಾರಣವನ್ನರಿಯುವುದು ಬೇರೆ. ಮೊದಲನೆಯದಕ್ಕೆ ದಾಖಲೆಗಳ ರಾಶಿ ಸಾಕಾಗಬಹುದು. ಎರಡನೆಯದಕ್ಕೆ ಆ ದಾಖಲೆಗಳು ಹುಟ್ಟಿದ ಬಗೆಯೂ ತಿಳಿದಿರಬೇಕು. ಚಿಕಿತ್ಸೆಯನ್ನು ನಿರ್ಣಯಿಸತಕ್ಕವರಿಗೆ ಎರಡನೆಯದಿಲ್ಲದೆ ಮೊದಲನೆಯದು ಪ್ರಮಾಣವಾಗಲಾರದು.