ಬಡಕಲು ಕುದುರೆ ಕಂಡಾಗ ಶ್ರಾವಕರ ಕರ್ತವ್ಯವೇನು?

ಬೆಳಗಾವಿ: ಟಿಳಕವಾಡಿಯ ರೈಲ್ವೆ ಗೇಟಿನ ಬಳಿ ಖಾಲಿ ಪ್ಲಾಟೊಂದರಲ್ಲಿ ಕುದುರೆಯೊಂದನ್ನು ಗೂಟಕ್ಕೆ ಕಟ್ಟಿದ್ದಾರೆ ಎಂದು ಇಟ್ಟುಕೊಳ್ಳಿ. ಮಳೆಗಾಲ. ಪಕ್ಕೆಲುಬು ಎಣಿಸಬಹುದು, ಗೊರಸು ಬೆಳೆದು ಮುಂದಕ್ಕೆ ಬಾಗಿದೆ, ಬೆನ್ನ ಮೇಲೆ ಜೀನು ಉಜ್ಜಿದ ಹುಣ್ಣು. ಬೆಳಿಗ್ಗೆ ಬಸದಿಗೆ ಹೊರಟ ಕುಟುಂಬ ಅದನ್ನು ನೋಡುತ್ತದೆ. ರೊಟ್ಟಿ ಬೆಲ್ಲ ಕೊಟ್ಟು ಬನ್ನಿ ಎಂದು ಅಜ್ಜಿ ಹೇಳುತ್ತಾರೆ. ಹಗ್ಗ ಬಿಚ್ಚಿ ತಂದುಬಿಡೋಣ ಎಂದು ಮಗ. ಊರ ಉಸಾಬರಿ ನಮಗ್ಯಾಕೆ ಎಂದು ಯಜಮಾನರು. ಮೂರೂ ಮಾತು ಜೈನ ಮನೆಗಳಲ್ಲಿ ಕೇಳಿಬರುವಂಥವೇ. ಆದರೆ ಮೂರರಲ್ಲಿ ಯಾವುದೂ ಪೂರ್ತಿ ಸರಿಯಲ್ಲ.

ಮೊದಲು ಯಜಮಾನರ ಮಾತು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಅಲುಗಾಡದಂತೆ ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರು ತಪ್ಪಿಸುವುದು. ಇಲ್ಲಿ ವಧ ಎಂದರೆ ಕೊಲ್ಲುವುದಲ್ಲ. ಕೋಲು, ಚಾಬೂಕು, ಬೆತ್ತಗಳಿಂದ ಹೊಡೆಯುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳಿದ್ದಾರೆ. ಪಟ್ಟಿಯನ್ನು ಓದುತ್ತಾ ಹೋದರೆ ಅದು ದನ, ಎತ್ತು, ಕುದುರೆ ಸಾಕಿದವರ ಹಟ್ಟಿಯಲ್ಲೇ ನಿಂತು ಬರೆದಂತಿದೆ. ಕೊಲ್ಲದಿದ್ದರೆ ಸಾಕು, ಅಹಿಂಸೆ ಆಯಿತು ಎಂಬ ಎಣಿಕೆಗೆ ಅಲ್ಲಿ ಜಾಗವಿಲ್ಲ. ಪ್ಲಾಟಿನ ಕುದುರೆಯ ಮೈಮೇಲೆ ಈ ಐದರಲ್ಲಿ ಕನಿಷ್ಠ ಮೂರು ಕಾಣುತ್ತಿವೆ.

ಅತಿಚಾರ ಒಡೆಯನದು, ನೋಡಿದವನದಲ್ಲ ಎಂದು ವಾದಿಸಬಹುದು. ಅದೇ ಅಧ್ಯಾಯ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನೂ ಹೇಳುತ್ತದೆ. ಕಾರುಣ್ಯ ನೋವಿನಲ್ಲಿರುವವರ ಬಗ್ಗೆ, ಮಾಧ್ಯಸ್ಥ್ಯ ಹೇಳಿದ ಮಾತು ಕೇಳದವರ ಬಗ್ಗೆ. ಕುದುರೆಗೆ ಕಾರುಣ್ಯ, ಒಡೆಯನಿಗೆ ಬರೀ ಕೋಪ ಎಂಬ ಹಂಚಿಕೆ ಅಲ್ಲಿಲ್ಲ.

ಮಗನ ಮಾತಿಗೆ ತಡೆ ಬರುವುದು ಇಲ್ಲಿಯೇ. ರಾತ್ರಿ ಹಗ್ಗ ಬಿಚ್ಚಿ ಕರೆತಂದರೆ ಅದು ಕೊಡದಿದ್ದನ್ನು ತೆಗೆದುಕೊಂಡಂತೆ, ಅಂದರೆ ಅಚೌರ್ಯಾಣುವ್ರತಕ್ಕೆ ಭಂಗ. ಉದ್ದೇಶ ಒಳ್ಳೆಯದಿದ್ದರೂ ಕಾನೂನಿನಲ್ಲಿ ಅದು ಕಳ್ಳತನವೇ. ದೂರು ಬರೆಯುವಾಗ ಉಪ್ಪುಖಾರ ಹಚ್ಚುವುದು, ನಾಲ್ಕು ದಿನ ಎನ್ನುವಲ್ಲಿ ನಾಲ್ಕು ತಿಂಗಳು ಎನ್ನುವುದು ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆಗೆ ಹತ್ತಿರ. ಒಂದು ಜೀವದ ಹೆಸರಿನಲ್ಲಿ ಎರಡು ವ್ರತ ಮುರಿಯಬೇಕಾಗಿಲ್ಲ.

ಒಡೆಯನನ್ನು ಹುಡುಕಿ ಮಾತನಾಡಿಸುವುದೇ ಮೊದಲ ಕೆಲಸ. ಹೆಚ್ಚಿನ ಸಂದರ್ಭಗಳಲ್ಲಿ ಅವನು ಕ್ರೂರಿಯಲ್ಲ, ಕೈ ಖಾಲಿಯಾದವನು. ಆಟೋ ಬಂದ ಮೇಲೆ ಟಾಂಗಾ ಹೋಯಿತು; ಈಗ ಊರಿನ ಕುದುರೆ ದುಡಿಯುವುದು ಮದುವೆ ವರಾತಕ್ಕೆ, ಮೆರವಣಿಗೆಗೆ. ಆಷಾಢ ಬಂತೆಂದರೆ ಲಗ್ನ ನಿಲ್ಲುತ್ತವೆ, ಹಲವು ಮನೆತನಗಳಲ್ಲಿ ತುಳಸಿ ಲಗ್ನದವರೆಗೂ ಮತ್ತೆ ಶುರುವಾಗುವುದಿಲ್ಲ. ಅದೇ ತಿಂಗಳುಗಳಲ್ಲಿ ಬೆಳಗಾವಿಯಲ್ಲಿ ಬಿಡದ ಮಳೆ, ಖಾನಾಪುರದ ಕಡೆ ಇನ್ನೂ ಹೆಚ್ಚು. ಕೆಸರಿನಲ್ಲಿ ನಿಂತ ಗೊರಸು ಕೊಳೆಯುತ್ತದೆ. ಲಾಳ ಕಟ್ಟುವವರು ಈಗ ಸುಲಭಕ್ಕೆ ಸಿಗುವುದಿಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸದಿದ್ದರೆ ನಡಿಗೆಯೇ ಕೆಡುತ್ತದೆ. ಕೊಯ್ಲಾದ ಗದ್ದೆಗಳಲ್ಲಿ ಕುರಿ ನಿಲ್ಲಿಸುತ್ತಾ ಊರೂರು ತಿರುಗುವ ಕುರಿಗಾರರ ಸಾಮಾನು ಹೊರುವ ತಟ್ಟುಗಳ ಕಥೆ ಬೇರೆ. ಕುಂಟಿದ ತಟ್ಟು ದಂಡಿನ ಜೊತೆ ಮುಂದಿನ ಊರಿಗೆ ಹೋಗಲಾರದು.

ಮಾತಿಗೆ ಒಡೆಯ ಜಗ್ಗದಿದ್ದರೆ ಕಾನೂನು ಇದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಸಾಕಿದ ಪ್ರಾಣಿಗೆ ಆಹಾರ, ನೀರು, ಆಸರೆ ಕೊಡದಿರುವುದು ಅಪರಾಧ. ಹುಣ್ಣಾದ ಪ್ರಾಣಿಯಿಂದ ದುಡಿಸುವುದೂ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಹೊರೆ ಹುಲ್ಲಿಗೂ ಸಾಲದ ಹಣ! ಅಲ್ಲದೆ ಅನ್ನ ನೀರು ಕೊಡದ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಹಾಗಾಗಿ ಕಾಯ್ದೆಯ ನಿಜವಾದ ಉಪಯೋಗ ದಂಡದಲ್ಲಿಲ್ಲ. 35ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ಪ್ರಾಣಿಯನ್ನು ಚಿಕಿತ್ಸೆಗೆ, ಪಾಂಜರಪೋಳಕ್ಕೆ ಕಳಿಸಬಹುದು, ಅದರ ಖರ್ಚನ್ನು ಒಡೆಯನ ಮೇಲೆ ಹಾಕಬಹುದು. ತುರ್ತು ಚಿಕಿತ್ಸೆಗೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಇನ್ನು ಅಜ್ಜಿಯ ರೊಟ್ಟಿ ಬೆಲ್ಲ. ಭಾವ ದೊಡ್ಡದು, ವಸ್ತು ಅಪಾಯದ್ದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಕೆಟ್ಟರೆ ಹೊಟ್ಟೆಶೂಲೆ, ಅದರಿಂದ ಸಾವು ಕೂಡ. ಬಹಳ ದಿನ ಉಪವಾಸ ಬಿದ್ದ ಕುದುರೆಗೆ ಒಮ್ಮೆಲೇ ಕಾಳು, ಬೆಲ್ಲ, ಹೋಳಿಗೆ, ಮದುವೆ ಮನೆಯ ಉಳಿದ ಅನ್ನ ಕೊಟ್ಟರೆ ರಕ್ತದ ಲವಣಾಂಶ ಏರುಪೇರಾಗಿ, ಹಸಿವಿನಲ್ಲಿ ಬದುಕಿದ್ದು ಊಟದಿಂದ ಸಾಯಬಹುದು. ಬೇಕಾದ್ದು ಚೊಕ್ಕ ನೀರು, ಒಣಹುಲ್ಲು ಅಥವಾ ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್ ಹುಲ್ಲು. ಅದೂ ಸ್ವಲ್ಪ ಸ್ವಲ್ಪ, ದಿನಕ್ಕೆ ಆರೇಳು ಸಲ, ಪಶುವೈದ್ಯರನ್ನು ಕೇಳಿ. ದೀರ್ಘ ಉಪವಾಸದ ಪಾರಣೆಯನ್ನು ಹೇಗೆ ಹಗುರವಾಗಿ ಶುರುಮಾಡುತ್ತಾರೆ ಎಂಬುದು ಜೈನ ಮನೆಗಳಿಗೆ ಹೇಳಿಕೊಡಬೇಕಾದ್ದಲ್ಲ. ಮೂಗಿನಿಂದ ಸಿಂಬಳ ಸುರಿಯುತ್ತಿದ್ದರೆ, ಮೈಮೇಲೆ ಗಂಟುಗಳಿದ್ದರೆ ಬರಿಗೈಯಲ್ಲಿ ಮುಟ್ಟಬಾರದು. ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ಹರಡುತ್ತದೆ.

ಹುಣ್ಣಿನಲ್ಲಿ ಹುಳ ಬಿದ್ದಿದ್ದರೆ? ಔಷಧಿ ಹಾಕಿದರೆ ಹುಳಗಳು ಸಾಯುತ್ತವೆ, ಅವೂ ತ್ರಸ ಜೀವಿಗಳು ಎಂದು ಹಿಂಜರಿಯುವವರಿದ್ದಾರೆ. ಈ ಹಿಂಜರಿಕೆಯನ್ನು ನಕ್ಕು ತಳ್ಳಬಾರದು. ಗೃಹಸ್ಥನು ಪೂರ್ತಿ ಬಿಡಬೇಕಾದ್ದು ಸಂಕಲ್ಪಿ ಹಿಂಸೆ, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದು. ಇಲ್ಲಿ ಸಂಕಲ್ಪ ಗಾಯ ವಾಸಿಮಾಡುವುದು. ಚಿಮಟಿಗೆಯಿಂದ ಎಷ್ಟು ಹುಳ ತೆಗೆಯಲಾದೀತೋ ಅಷ್ಟನ್ನು ಮೊದಲು ತೆಗೆಯಿರಿ ಎಂದು ವೈದ್ಯರನ್ನು ಕೇಳಬಹುದು. ಹುಳದ ನೆಪದಲ್ಲಿ ಕುದುರೆಯನ್ನು ಕೊಳೆಯಲು ಬಿಡುವುದು ಮಾತ್ರ ಯತ್ನಾಚಾರವಲ್ಲ, ಪ್ರಮಾದ.

ವಾಸಿಯಾಗದ ಕುದುರೆಯ ಪ್ರಶ್ನೆ ಇದಕ್ಕಿಂತ ಕಠಿಣ. ಬದುಕಿಸಿಡುವುದೇ ಕ್ರೌರ್ಯವಾದಾಗ ಪ್ರಾಣಿಯನ್ನು ಕೊಲ್ಲಿಸಲು ಕಾಯ್ದೆ ಅವಕಾಶ ಕೊಡುತ್ತದೆ. 1924ರಲ್ಲಿ ಇದೇ ಟಿಳಕವಾಡಿಯಲ್ಲಿ, ಈಗ ವೀರಸೌಧ ಇರುವಲ್ಲಿ, ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದ ಗಾಂಧೀಜಿ 1928ರಲ್ಲಿ ಸಾಬರಮತಿ ಆಶ್ರಮದ ನರಳುತ್ತಿದ್ದ ಕರುವೊಂದಕ್ಕೆ ಸೂಜಿಮದ್ದಿನಿಂದ ಸಾವು ಕೊಡಿಸಿದರು. ಅದೇ ಅಹಿಂಸೆ ಎಂದರು. ಜೈನರಿಂದ ಅವರಿಗೆ ಕಟುವಾದ ವಿರೋಧ ಬಂತು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ದುಃಖದಿಂದ ಬೇಗ ಬಿಡುಗಡೆಯಾಗಲಿ ಎಂಬ ನೆಪದಲ್ಲೂ ಜೀವವನ್ನು ಕೊಲ್ಲಬಾರದೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಹಾಗೆಂದು ನರಳಾಟ ನೋಡುತ್ತಾ ಕೂರಬೇಕೆಂದಲ್ಲ. ನೋವು ಇಳಿಸುವ ಔಷಧಿಗೆ ಶಾಸ್ತ್ರದ ಅಡ್ಡಿಯಿಲ್ಲ. ಔಷಧದಾನ ಚತುರ್ವಿಧ ದಾನಗಳಲ್ಲೇ ಒಂದು. ಒಣ ನೆಲ, ನೆರಳು, ನೊಣ ಓಡಿಸುವ ಒಬ್ಬರು, ಕಿವಿಯ ಹತ್ತಿರ ಣಮೋಕಾರ. ಜೀವಂಧರ ಸ್ವಾಮಿ ಸಾಯುತ್ತಿದ್ದ ನಾಯಿಗೆ ಮಾಡಿದ್ದು ಇದನ್ನೇ.

ಹಣ ಕೊಟ್ಟು ಬಿಡಿಸುವುದು ಅಭಯದಾನವೆಂದು ಹಲವರು ಮುಂದೆ ಬರುತ್ತಾರೆ, ವಿಶೇಷವಾಗಿ ದಶಲಕ್ಷಣ ಪರ್ವದಲ್ಲಿ. ಆ ಹಣದಿಂದ ಒಡೆಯ ಇನ್ನೊಂದು ಕುದುರೆ ತಂದು ಅದೇ ಗೂಟಕ್ಕೆ ಕಟ್ಟಿದರೆ ಫಲವೇನು? ಇಷ್ಟಕ್ಕೂ ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬಾಳುವ ಪ್ರಾಣಿ. ದಿನಕ್ಕೆ ಇಪ್ಪತ್ತರಿಂದ ನಲವತ್ತು ಲೀಟರ್ ನೀರು ಕುಡಿಯುತ್ತದೆ. ಹೂಹಾರ ಹಾಕಿ ಫೋಟೊ ತೆಗೆಸಿಕೊಂಡ ಮರುದಿನ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಕೊಳ್ಳುವ ಮೊದಲೇ ತೀರ್ಮಾನವಾಗಬೇಕು. ಎಷ್ಟೋ ಸಲ ಕೊಳ್ಳುವುದಕ್ಕಿಂತ ಒಡೆಯನಿಗೇ ಮಳೆಗಾಲದ ಹುಲ್ಲು, ತಗಡಿನ ಮಾಡು, ಗೊರಸಿನ ಖರ್ಚು ಕೊಟ್ಟು ವಾರಕ್ಕೊಮ್ಮೆ ಹೋಗಿ ನೋಡುವುದು ಹೆಚ್ಚು ಉಪಕಾರಿ.

ಆ ಕುದುರೆಯನ್ನು ದುಡಿಸಿಕೊಂಡವರಲ್ಲಿ ಜೈನ ಸಮಾಜವೂ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಪಂಚಕಲ್ಯಾಣ, ಮಹಾವೀರ ಜಯಂತಿ, ರಥೋತ್ಸವದ ಮೆರವಣಿಗೆಗಳಿಗೆ, ಮಕ್ಕಳ ಮದುವೆಗೆ ಕುದುರೆ ಬಾಡಿಗೆಗೆ ಬರುತ್ತದೆ. ಬ್ಯಾಂಡ್, ಡಿಜೆ, ಪಟಾಕಿಯ ನಡುವೆ ಡಾಂಬರಿನ ಮೇಲೆ ಗಂಟೆಗಟ್ಟಲೆ ನಿಲ್ಲುತ್ತದೆ. ಬೆಳಗಾವಿ ಕೋಟೆಯ ಕಮಲ ಬಸದಿ, ರಟ್ಟರ ಕಾಲದಲ್ಲಿ 1204ರಲ್ಲಿ ಕಟ್ಟಿದ್ದು, ನೇಮಿನಾಥ ಸ್ವಾಮಿಯದು. ತನ್ನ ಮದುವೆಗಾಗಿ ಕೂಡಿಹಾಕಿದ್ದ ಪ್ರಾಣಿಗಳ ಕೂಗು ಕೇಳಿ ದಿಬ್ಬಣದಿಂದಲೇ ಹಿಂದಿರುಗಿದ ತೀರ್ಥಂಕರ ಅವರು. ಕುದುರೆಯಿಲ್ಲದ ಮೆರವಣಿಗೆ ಮಾಡಿದರೆ ಒಳ್ಳೆಯದೇ. ಕರೆಸಲೇಬೇಕೆಂದರೆ ಉತ್ಸವ ಸಮಿತಿಗಳು ಕುದುರೆಯನ್ನು ಮೊದಲು ನೋಡಿ, ಹುಣ್ಣು ಕುಂಟು ಇದ್ದರೆ ಬೇಡವೆಂದು, ಎರಡು ಗಂಟೆಗಿಂತ ಹೆಚ್ಚು ನಿಲ್ಲಿಸುವುದಿಲ್ಲವೆಂದು, ನೀರಿನ ವ್ಯವಸ್ಥೆ ತಮ್ಮದೆಂದು ಮೊದಲೇ ಮಾತಾಡಿಕೊಳ್ಳಬಹುದು. ಬಾಡಿಗೆಯ ಒಂದು ಭಾಗವನ್ನು ಕಾರ್ತೀಕದಲ್ಲಿ ಕೊಡುವ ಬದಲು ಆಷಾಢದಲ್ಲೇ ಮುಂಗಡವಾಗಿ ಕೊಟ್ಟರೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಹುಲ್ಲು ತರಲು ಒಡೆಯನ ಕೈಯಲ್ಲಿ ಹಣವಿರುತ್ತದೆ.