ಮೋಟಾರಿನ ಕಾವಲಿಗೆ ಹಕ್ಕಲಾಯ್ದ ವಿದ್ಯುತ್ತು

ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರೊಡನೆ ಹೊನ್ನಾವರದ ಬಂದರಿನ ಬಳಿಯ ಐಸ್ ಫ್ಯಾಕ್ಟರಿಯೊಂದಕ್ಕೆ ಹೋಗಬೇಕಾಯಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವೆಂಬುದು ಕರಾವಳಿಯವರಿಗೆಲ್ಲ ತಿಳಿದ ಸಂಗತಿ. ಆ ನಿಷೇಧ ಮುಗಿದು ನಾಲ್ಕೇ ದಿನಗಳಾಗಿದ್ದವು. ಅಷ್ಟರಲ್ಲಿ ಫ್ಯಾಕ್ಟರಿಯ ಅಮೋನಿಯಾ ಕಂಪ್ರೆಸರನ್ನು ತಿರುಗಿಸುವ ಮೋಟಾರು ಸುಟ್ಟು ಕುಳಿತಿತ್ತು. ಬೇರಿಂಗು ಸವೆದು, ತಿರುಗುವ ರೋಟರು ಸುತ್ತಲಿನ ಸ್ಟೇಟರಿಗೆ ಉಜ್ಜಿ, ತಾಮ್ರದ ವೈಂಡಿಂಗು ಕರಕಾಗಿತ್ತು. ಮೀನು ತುಂಬಿಕೊಂಡು ಬಂದವರಿಗೆ ಐಸ್ ಇಲ್ಲ; ಭಟ್ಕಳದಿಂದ ಲಾರಿ ಬರುವವರೆಗೆ ಕಾಯಲಾರದವರು ಸಿಕ್ಕ ಬೆಲೆಗೆ ಮಾರಿದರು. "ಮೇ ತಿಂಗಳಲ್ಲೇ ಇದರ ದನಿ ಬದಲಾಗಿತ್ತು ಸ್ವಾಮಿ, ಯಾರೂ ಕಿವಿಗೊಡಲಿಲ್ಲ" ಎಂದರು ವಯಸ್ಸಾದ ಮಿಸ್ತ್ರಿ. ವ್ಯಾಕರಣ, ತರ್ಕಗಳನ್ನು ಓದಿ ಬೆಳೆದ ನಾನು ಈ ವಿಷಯದ ಬೆನ್ನು ಹತ್ತಲು ಆ ಮಾತೇ ಕಾರಣ.

ಕಿವಿಗೊಡುವ ಕೆಲಸವನ್ನು ಈಗ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸಂವೇದಕಗಳು ಮಾಡುತ್ತವೆ. ಮೋಟಾರಿನ ಮೈಗೆ ಅಂಟಿಕೊಂಡು, ಅದರ ಕಂಪನವನ್ನೂ ಬಿಸಿಯನ್ನೂ ಅಳೆದು, ತಂತಿಯಿಲ್ಲದೆ ಸುದ್ದಿ ಕಳುಹಿಸುತ್ತವೆ. ಬೇರಿಂಗಿನಲ್ಲಿ ಮೂಡಿದ ಸಣ್ಣ ಬಿರುಕು ಮನುಷ್ಯನ ಕಿವಿಗೆ ಬೀಳುವ ಮೊದಲೇ ಕಂಪನದಲ್ಲಿ ತನ್ನ ಗುರುತನ್ನು ತೋರಿಸುತ್ತದೆ. ತೊಡಕಿರುವುದು ಬ್ಯಾಟರಿಯಲ್ಲಿ. ಬಿಸಿಯಲ್ಲಿ ಅದರ ಆಯುಷ್ಯ ಕುಗ್ಗುತ್ತದೆ. ನೂರಾರು ಮೋಟಾರುಗಳಿರುವಲ್ಲಿ ಅದನ್ನು ಬದಲಿಸುವುದೇ ಒಬ್ಬನ ಪೂರ್ಣ ಉದ್ಯೋಗವಾಗುತ್ತದೆ.

ಇದಕ್ಕೆ ತಜ್ಞರು ಕಂಡುಕೊಂಡ ಉಪಾಯ, ಮೋಟಾರು ಚೆಲ್ಲುವ ಶಕ್ತಿಯಿಂದಲೇ ಸಂವೇದಕವನ್ನು ಸಾಕುವುದು. ಇದಕ್ಕೆ ಶಕ್ತಿಯ ಕೊಯ್ಲು ಎಂಬ ಹೆಸರು ಬಳಕೆಗೆ ಬಂದಿದೆ. ನನಗೆ ಆ ಹೆಸರು ಒಪ್ಪುವುದಿಲ್ಲ. ಕೊಯ್ಲು ಹೊಲದೊಡೆಯನದು, ಇದು ಕೊಯ್ಲು ಮುಗಿದ ಮೇಲೆ ಉದುರಿದ ತೆನೆಗಳನ್ನು ಆಯುವ ಹಕ್ಕಲು. ಶರಾವತಿಯ ನೀರಿನಿಂದ ಗೇರುಸೊಪ್ಪೆಯಲ್ಲಿ 60 ಮೆಗಾವ್ಯಾಟ್‌ನ 4 ಯಂತ್ರಗಳು ವಿದ್ಯುತ್ತನ್ನು ಕೊಯ್ಯುತ್ತವೆ. ಅಂತಹ ವಿದ್ಯುತ್ತಿನಿಂದ ತಿರುಗುವ 40 ಅಶ್ವಶಕ್ತಿಯ, ಅಂದರೆ ಸುಮಾರು 30 ಕಿಲೋವ್ಯಾಟ್‌ನ ಮೋಟಾರು ನೂರಕ್ಕೆ 92ರಷ್ಟು ದಕ್ಷವಾಗಿದ್ದರೂ ಎರಡೂವರೆ ಕಿಲೋವ್ಯಾಟ್‌ನಷ್ಟು ಬಿಸಿಯಾಗಿ ಪೋಲಾಗುತ್ತದೆ. ಸಂವೇದಕಕ್ಕೆ ಬೇಕಾದುದು ವ್ಯಾಟ್‌ನ ಸಾವಿರದ ಕೆಲವೇ ಪಾಲು.

ಆಯುವ ದಾರಿಗಳು ಹಲವು. ಎರಡು ಭಿನ್ನ ಲೋಹಗಳ ಬೆಸುಗೆಗಳ ನಡುವೆ ಬಿಸಿಯ ಅಂತರವಿದ್ದರೆ ವಿದ್ಯುತ್ತು ಹುಟ್ಟುತ್ತದೆ. ಅದರ ಮೂಲ 1821ರಲ್ಲಿ ಸೀಬೆಕ್ ಕಂಡ ವಿದ್ಯಮಾನ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುದಾವೇಶ ಮೂಡುವುದನ್ನು 1880ರಲ್ಲಿ ಕ್ಯೂರಿ ಸೋದರರು ತೋರಿಸಿದರು. ಈ ಎರಡನೆಯ ದಾರಿಯಲ್ಲೊಂದು ವಿನೋದವಿದೆ. ಕಂಪನವನ್ನೇ ಉಂಡು ಬದುಕುವ ಸಂವೇದಕಕ್ಕೆ ಆರೋಗ್ಯವಂತ ಮೋಟಾರು ಉಪವಾಸ ಕೆಡವಬೇಕಲ್ಲವೇ? ಪೂರ್ತಿ ಹಾಗಾಗುವುದಿಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದುದರಿಂದ ಅದರ ಅಯಸ್ಕಾಂತದ ಸೆಳೆತ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಎಂತಹ ಒಳ್ಳೆಯ ಮೋಟಾರಿನಲ್ಲೂ ಆ ಸಣ್ಣ ನಡುಕ ಉಳಿದೇ ಇರುತ್ತದೆ. ಹರಳಿನ ಪಟ್ಟಿಯನ್ನು ಅದೇ ಶ್ರುತಿಗೆ ಕೂಡಿಸಿದರಾಯಿತು.

ನನ್ನ ಮಟ್ಟಿಗೆ ಭರವಸೆಯದಾಗಿ ಕಂಡದ್ದು ಮೂರನೆಯದು: ಮೋಟಾರಿಗೆ ಹೋಗುವ ಕೇಬಲಿನ ಸುತ್ತ ತೊಡಿಸುವ ಬಳೆ. ಫ್ಯಾರಡೆ 1831ರಲ್ಲಿ ಕಂಡ ಪ್ರೇರಣೆಯ ತತ್ತ್ವದಂತೆ, ತಂತಿಯ ಪ್ರವಾಹ ಬಳೆಯ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆದರೆ ಬಳೆಯನ್ನು ಒಂದೇ ಫೇಸಿನ ತಂತಿಗೆ ತೊಡಿಸಬೇಕು. ಮೂರನ್ನೂ ಒಟ್ಟಿಗೆ ಸೇರಿಸಿದರೆ ಒಂದರ ಪ್ರಭಾವವನ್ನು ಉಳಿದೆರಡು ಅಳಿಸಿಬಿಡುತ್ತವೆ.

ದಾರಿ ಯಾವುದಾದರೂ ಸರಿ, ಸಂವೇದಕ ಹನಿ ಹನಿಯಾಗಿ ಕೂಡಿಟ್ಟು, ಆಗಾಗ ಎಚ್ಚೆತ್ತು, ಕ್ಷಣಮಾತ್ರ ಮಾತನಾಡಿ ಮತ್ತೆ ಮಲಗುತ್ತದೆ. ಮೋಟಾರು ನಿಂತರೆ ಅದರ ಅನ್ನವೂ ನಿಲ್ಲುತ್ತದೆ. ನಮ್ಮ ಕರಾವಳಿಯ ಕಷ್ಟವಿರುವುದು ಇಲ್ಲಿಯೇ. ಕುಮಟಾದಿಂದ ಭಟ್ಕಳದವರೆಗೆ ಆ 61 ದಿನಗಳ ಮಳೆಯಲ್ಲಿ ಸುಮ್ಮನೆ ನಿಂತ ಮೋಟಾರಿನ ವೈಂಡಿಂಗು ತೇವ ಹೀರುತ್ತದೆ, ಬೇರಿಂಗಿನ ಗುಂಡುಗಳು ನಿಂತಲ್ಲೇ ತುಕ್ಕು ಹಿಡಿಯುತ್ತವೆ. ಕಾವಲು ಬೇಕಾದ ಆ ಹೊತ್ತಿನಲ್ಲೇ ಕಾವಲುಗಾರ ಉಪವಾಸ! ಅಂತಹ ಕಡೆ ಹಕ್ಕಲಿನ ಜತೆಗೆ ಸಣ್ಣ ಬ್ಯಾಟರಿಯೂ ಇರಬೇಕು. ವಾರಕ್ಕೊಮ್ಮೆ ಶಾಫ್ಟನ್ನು ಕೈಯಿಂದ ತಿರುಗಿಸಬೇಕು. ಚಾಲೂ ಮಾಡುವ ಮೊದಲು ಮೆಗ್ಗರ್ ಹಿಡಿದು ವೈಂಡಿಂಗಿನ ನಿರೋಧವನ್ನು ಅಳೆಯಬೇಕು.

ಮರುವರ್ಷ ಜುಲೈ ಕೊನೆಯಲ್ಲಿ ಅದೇ ಫ್ಯಾಕ್ಟರಿಗೆ ಹೋಗಿದ್ದೆ. ಕೇಬಲಿಗೆ ಬಳೆಯೇನೂ ಬಂದಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ಪ್ರತಿ ಸೋಮವಾರಕ್ಕೂ ಪೆನ್ಸಿಲಿನ ಸುತ್ತು ಬಿದ್ದಿತ್ತು. ಆ ದಿನಗಳಲ್ಲಿ ಮಿಸ್ತ್ರಿ ಶಾಫ್ಟನ್ನು ಕೈಯಿಂದ ತಿರುಗಿಸಿದ್ದರಂತೆ.