ಕೀಲೆಣ್ಣೆ ಕಲ್ಲಾದಾಗ

ಅಡುಗೆಮನೆಯ ಎಣ್ಣೆ ಡಬ್ಬದ ಹೊರಮೈಯನ್ನು ಬೆರಳಿನಿಂದ ಮುಟ್ಟಿ ನೋಡಿ. ಎಂದೋ ಸೋರಿದ ಎಣ್ಣೆ ಅಲ್ಲಿ ಎಣ್ಣೆಯಾಗಿ ಉಳಿದಿರುವುದಿಲ್ಲ. ಮೊದಲು ಅಂಟಾಗಿ, ಆಮೇಲೆ ಉಗುರಿಗೂ ಜಗ್ಗದ ಕಂದು ಪದರವಾಗಿ ಕೂತಿರುತ್ತದೆ. ದಶಕಗಟ್ಟಲೆ ಅಟ್ಟದ ಮೇಲಿದ್ದ ಸ್ಪ್ರಿಂಗ್ ಏರ್‌ಗನ್ನಿನ ಹೊಟ್ಟೆ ಬಿಚ್ಚಿದರೆ ಕಾಣುವುದೂ ಇಂಥದ್ದೇ: ಸ್ಪ್ರಿಂಗಿನ ಸುತ್ತುಗಳ ನಡುವೆ ಒಣಗಿದ ಬೆಲ್ಲದಂತೆ ಕಚ್ಚಿಕೊಂಡ ಹಳೆಯ ಗ್ರೀಸು.

ಇಂಥ ಹಳೆಯ ಏರ್‌ಗನ್ನುಗಳ ಒಂದು ಹೆಸರು ಬಿಎಸ್‌ಎ. ಬಿಎಸ್‌ಎ ಎಂದರೆ ನಮಗೆ ಸೈಕಲ್. ಆದರೆ ಆ ಮೂರಕ್ಷರ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್‌ನದು, 1861ರಲ್ಲಿ ಆ ಊರಿನ ಬಂದೂಕು ತಯಾರಕರು ಕೂಡಿ ಕಟ್ಟಿದ ಕಂಪನಿಯದು. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳು ಅದರ ಗುರುತು. ಅದೇ ಊರಿನ ಲಿಂಕನ್ ಜೆಫ್ರೀಸ್ 1904ರಲ್ಲಿ ಪೇಟೆಂಟ್ ಪಡೆದ ಏರ್‌ ರೈಫಲ್ಲನ್ನು ಕಂಪನಿ 1905ರಿಂದ ತಯಾರಿಸತೊಡಗಿತು. ನಳಿಗೆ ಅಲುಗಾಡುವುದಿಲ್ಲ, ಅದರ ಅಡಿಯ ಸನ್ನೆಯನ್ನು ಕೆಳಗೆಳೆದರೆ ಒಳಗಿನ ಸ್ಪ್ರಿಂಗ್ ಮುದುಡಿ ಪಿಸ್ಟನ್ನಿನ ಹಿಂದೆ ಕೂರುತ್ತದೆ. ಟ್ರಿಗರ್ ಒತ್ತಿದೊಡನೆ ಪಿಸ್ಟನ್ ಮುಂದಕ್ಕೆ ಧಾವಿಸಿ, ಸಿಲಿಂಡರಿನ ಗಾಳಿಯನ್ನೆಲ್ಲ ಒತ್ತಿ, ಕಿರಿದಾದ ಒಂದು ರಂಧ್ರದ ಮೂಲಕ ಗುಂಡಿನ ಬೆನ್ನಿಗೆ ನೂಕುತ್ತದೆ. ಇಷ್ಟೂ ಕೆಲಸ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಜಾತ್ರೆಯ ಬಲೂನ್ ಅಂಗಡಿಯ ಬಂದೂಕಿನ ಮೂಲತತ್ತ್ವವೂ ಇದೇ.

ಗ್ರೀಸು ಬರಿಯ ದಪ್ಪ ಎಣ್ಣೆಯಲ್ಲ. ಲೋಹದ ಸಾಬೂನಿನ ನಾರುನಾರಾದ ಹಂದರ ಎಣ್ಣೆಯನ್ನು ಸ್ಪಂಜಿನಂತೆ ಹಿಡಿದಿಟ್ಟಿರುತ್ತದೆ. ಒತ್ತಡ ಬಿದ್ದಾಗ ಅದು ತುಸು ಎಣ್ಣೆ ಬಿಟ್ಟುಕೊಡುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಜಿನುಗಿ, ಆವಿಯಾಗಿ ಹೋಗುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಕೂಡಿ, ಅಣುವಿಗೆ ಅಣು ಹೆಣೆದುಕೊಂಡು ಅರಗಿನಂತಾಗುತ್ತದೆ. ಅದರಲ್ಲಿ ಬೆರೆತ ಸವೆದ ಕಬ್ಬಿಣದ ನುಣ್ಪುಡಿ ಈ ಕ್ರಿಯೆಗೆ ಇನ್ನಷ್ಟು ವೇಗ ಕೊಡುತ್ತದೆ. ಅಗಸೆ ಎಣ್ಣೆ ಸವರಿದ ಬಾಗಿಲು ಕೆಲವೇ ದಿನಗಳಲ್ಲಿ ಒಣಗುತ್ತದಲ್ಲ, ಖನಿಜ ಎಣ್ಣೆಯ ಗ್ರೀಸು ಅದಕ್ಕೆ ದಶಕಗಳನ್ನು ತೆಗೆದುಕೊಳ್ಳುತ್ತದೆ, ಅಷ್ಟೇ.

ಹೀಗಾದ ಬಂದೂಕಿನ ಪಿಸ್ಟನ್ ತೆವಳುತ್ತದೆ, ಗುಂಡು ಸೋತು ಬೀಳುತ್ತದೆ. ಆಗ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ. ಬಿಚ್ಚುವ ಗೋಜು ಬೇಡವೆಂದು ಆ ಕಿರು ರಂಧ್ರದೊಳಕ್ಕೆ ತೆಳು ಎಣ್ಣೆ ಸುರಿಯುತ್ತಾರೆ. ಮುಂದಿನ ಹೊಡೆತಕ್ಕೆ ಢಂ ಎಂಬ ಸದ್ದು, ನಳಿಗೆಯ ತುದಿಯಲ್ಲಿ ನೀಲಿ ಹೊಗೆ. ರಿಪೇರಿಯಾಯಿತು ಎಂದು ಹಿಗ್ಗುತ್ತಾರೆ. ನಿಜಕ್ಕೂ ಆದದ್ದು ಡೀಸೆಲ್ ಎಂಜಿನ್ನಿನಲ್ಲಿ ಆಗುವ ದಹನ.

ಸೈಕಲ್ ಪಂಪನ್ನು ಜೋರಾಗಿ ಒತ್ತಿದರೆ ಅದರ ಬುಡ ಬಿಸಿಯಾಗುತ್ತದೆ. ಗಾಳಿಯ ಶಾಖ ಹೊರಗೆ ಹೋಗದಂತೆ ಅದನ್ನು ಥಟ್ಟನೆ ಇಪ್ಪತ್ತನೇ ಒಂದು ಭಾಗಕ್ಕೆ ಒತ್ತಿದರೆ, 27 ಡಿಗ್ರಿಯಲ್ಲಿದ್ದ ಗಾಳಿ ಲೆಕ್ಕದ ಪ್ರಕಾರ 700 ಡಿಗ್ರಿ ದಾಟುತ್ತದೆ. ಸಿಲಿಂಡರಿನ ಗೋಡೆ ಒಂದಿಷ್ಟು ಶಾಖ ಹೀರಿದರೂ ಎಣ್ಣೆಯ ಆವಿ ಹೊತ್ತಿಕೊಳ್ಳಲು ಉಳಿದದ್ದು ಸಾಕು. ಆಗ್ನೇಯ ಏಷ್ಯಾದ ಜನ ಬೆಂಕಿಕಡ್ಡಿ ಇಲ್ಲದ ಕಾಲದಲ್ಲಿ ಪುಟ್ಟ ಕೊಳವೆ–ಪಿಸ್ಟನ್ನಿನಿಂದ ಬೆಂಕಿ ಮಾಡುತ್ತಿದ್ದದ್ದು ಇದೇ ತತ್ತ್ವದಿಂದ. ಇಂಗ್ಲೆಂಡಿನ ಕಾರ್ಡ್ಯೂ ತಂದೆ–ಮಗ ಏರ್‌ಗನ್ನನ್ನು ಆಮ್ಲಜನಕವಿಲ್ಲದ ನೈಟ್ರೋಜನ್‌ನಲ್ಲಿ ಹಾರಿಸಿ ನೋಡಿದರು. ಗುಂಡಿನ ವೇಗ ಗಣನೀಯವಾಗಿ ಕುಸಿಯಿತು. ಅಂದರೆ ಬಲವಾದ ಸ್ಪ್ರಿಂಗ್ ಬಂದೂಕು ಸರಿಯಾಗಿದ್ದಾಗಲೂ ಒಂದು ಚೂರು ಎಣ್ಣೆಯನ್ನು ಸುಡುತ್ತಲೇ ಇರುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಸೋಜಿಗದ ಮಾತು ಇದು: ಇಲ್ಲಿ ಕೀಲೆಣ್ಣೆಯೇ ಉರುವಲು ಕೂಡ. ಅದು ಅಳತೆ ಮೀರಿದರೆ ಸ್ಫೋಟವಾಗಿ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ, ಸ್ಪ್ರಿಂಗ್ ಮುರಿಯುವುದೂ ಉಂಟು.

ಆದ್ದರಿಂದ ಬಿಚ್ಚಲೇಬೇಕು. ಸನ್ನೆ ಎಳೆಯದೆ ಇದ್ದಾಗಲೂ ಒಳಗಿನ ಸ್ಪ್ರಿಂಗ್ ಅರೆಮುದುಡಿಯೇ ಇರುತ್ತದೆ, ಹಿಂಬದಿಯ ಮುಚ್ಚಳ ಸಡಿಲವಾದರೆ ಬಾಣದಂತೆ ಚಿಮ್ಮುತ್ತದೆ. ಬಲ್ಲವರು ಬಂದೂಕನ್ನು ಉದ್ದನೆಯ ಕ್ಲಾಂಪಿನಲ್ಲಿ ಬಿಗಿದು, ಕ್ಲಾಂಪನ್ನು ಮೆಲ್ಲಗೆ ಸಡಿಲಿಸುತ್ತಾ ಸ್ಪ್ರಿಂಗನ್ನು ಹೊರತರುತ್ತಾರೆ. ಗಟ್ಟಿ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿದಿರಿನ ಕಡ್ಡಿಯಿಂದ ಕೆರೆಯುವುದು ಲೇಸು, ಉಕ್ಕಿನ ಚಾಕುವಿನಿಂದಲ್ಲ. ಟ್ರಿಗರಿನ ಕೊಂಡಿಗಳಲ್ಲಿ ಒಂದು ಕಣವೂ ಉಳಿಯಬಾರದು. ಅಲ್ಲಿ ಅಂಟಿದ್ದರೆ ಪಿಸ್ಟನ್ ಕಚ್ಚಿಕೊಂಡಂತೆ ತೋರಿ, ಬೆರಳು ತಾಗದೆಯೇ ಬಿಟ್ಟುಬಿಡಬಹುದು.

ಆ ಜಿಡ್ಡಿನ ಮೇಲೆ ಸಿಟ್ಟಾಗಬೇಕಿಲ್ಲ. ತೇವ ಒಳಬರದಂತೆ ಉಕ್ಕನ್ನು ಇಷ್ಟು ವರ್ಷ ಕಾದದ್ದು ಅದೇ. ಅದನ್ನು ಒರೆಸಿದಾಗ ಒಂದು ಶತಮಾನದ ಹಿಂದಿನ ಕೆಲಸಗಾರನ ಲೇತಿನ ಗೆರೆಗಳು ಹೊಸದರಂತೆ ಹೊಳೆಯುವುದುಂಟು. ನಳಿಗೆಯ ಹೊರಗಿನ ನೀಲಿಗಪ್ಪು ಬಣ್ಣವೂ ಹಾಗೆಯೇ. ಅದು ಪೇಂಟಲ್ಲ, ಕಬ್ಬಿಣದ್ದೇ ಆಕ್ಸೈಡಿನ ತೆಳು ಪದರ. ಆಮ್ಲ ಬೆರೆತ ತುಕ್ಕುನಾಶಕ ಬಳಿದರೆ ತುಕ್ಕಿನ ಜೊತೆ ಅದೂ ಹೋಗುತ್ತದೆ. ಹೊಳಪಿನ ಆಸೆಗೆ ಇಂಥ ಬಂದೂಕನ್ನು ಉಜ್ಜಿ ಬೆಳ್ಳಗೆ ಮಾಡುವವರನ್ನು ಕಂಡರೆ ಸಂಕಟವಾಗುತ್ತದೆ.

ಪಿಸ್ಟನ್ನಿನ ತುದಿಯ ಚರ್ಮದ ಬಟ್ಟಲು ವಾಷರಿಗೆ ಮಾತ್ರ ಎಣ್ಣೆ ಬೇಕು, ಒಣಗಿದರೆ ಅದು ಕುಗ್ಗಿ ಗಾಳಿ ಸೋರುತ್ತದೆ. ಅದನ್ನು ಎಣ್ಣೆಯಲ್ಲಿ ನೆನೆಸಿ, ಹಿಂಡಿ, ಒರೆಸಿ ಹಾಕುತ್ತಾರೆ. ಪಿಸ್ಟನ್ನಿನ ಬದಿಗಳಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಪೇಸ್ಟನ್ನು ಕಾಡಿಗೆ ತೀಡಿದಷ್ಟು ತೆಳುವಾಗಿ ಸವರಿದರೆ ಸಾಕು. ಇಸ್ಪೀಟೆಲೆಗಳಂತೆ ಅದರ ಪದರಗಳು ಒಂದರ ಮೇಲೊಂದು ಜಾರುತ್ತವೆ. ಸ್ಪ್ರಿಂಗಿಗೆ ಅಂಟಂಟಾದ ದಪ್ಪ ಗ್ರೀಸನ್ನು ಕೊಂಚ ಹಚ್ಚುತ್ತಾರೆ, ಹೊಡೆದಾಗ ಅದು ಝಣಝಣಿಸದಿರಲಿ ಎಂದು.

ಮತ್ತೆ ಜೋಡಿಸಿದ ಮೇಲಿನ ಮೊದಲ ಹೊಡೆತಗಳಲ್ಲಿ ತುಸು ಹೊಗೆ, ಸುಟ್ಟ ಎಣ್ಣೆಯ ವಾಸನೆ, ಒಂದೊಂದು ಗುಂಡಿಗೆ ಒಂದೊಂದು ವೇಗ. ಹೆಚ್ಚಾಗಿದ್ದ ಎಣ್ಣೆ ಉರಿದು ತೀರಿದಂತೆ ಹೊಗೆ ನಿಲ್ಲುತ್ತದೆ. ವೇಗಮಾಪಕದ ಅಂಕಿ ಸ್ವಲ್ಪ ಇಳಿದು, ಹೊಡೆತದಿಂದ ಹೊಡೆತಕ್ಕೆ ಹೆಚ್ಚು ಏರಿಳಿಯದೆ ನಿಲ್ಲುತ್ತದೆ. ಹಲಗೆಯ ಮೇಲಿನ ತೂತುಗಳು ಒಂದರ ಪಕ್ಕ ಒಂದು ಬರತೊಡಗುವುದು ಆಗ.